ಎಂಟು ಸೆಕೆಂಡಿನ ಸವಾರಿ ನೋಡಿ ಬಂದೆ, ಹಸುಬೆಯಲ್ಲಿ ಕೂತು ಊರೂರು ಅಲೆದದ್ದು ನೆನಪಾಯಿತು

ಕಂಬಳಿಕೊಪ್ಪೆ (ಕ್ಯಾಲ್ಗರಿ)

ಜುಲೈ ಬಂತೆಂದರೆ ಕೆನಡಾದ ನಮ್ಮ ಕ್ಯಾಲ್ಗರಿಗೆ ಹತ್ತು ದಿನ ಸ್ಟ್ಯಾಂಪೀಡ್ ಎಂಬ ಜಾತ್ರೆಯ ಗುಂಗು. ಬ್ಯಾಂಕಿನ ಗುಮಾಸ್ತರಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರೂ ಅಗಲ ಅಂಚಿನ ಟೋಪಿ ಇಟ್ಟು, ಚೂಪು ಮೂತಿಯ ಬೂಟು ತೊಟ್ಟು ಓಡಾಡುತ್ತಾರೆ. ಬೆಳಿಗ್ಗೆ ಯಾವ ಬಡಾವಣೆಗೆ ಹೋದರೂ ಪುಕ್ಕಟೆ ಪ್ಯಾನ್‌ಕೇಕ್, ನಮ್ಮ ಕಡೆಯ ಜಾತ್ರೆಗಳ ದಾಸೋಹದ ಹಾಗೆ. ಇಲ್ಲಿಗೆ ಬಂದು ಹನ್ನೊಂದು ವರ್ಷವಾದರೂ ಸ್ಟ್ಯಾಂಪೀಡ್ ಎಂದರೆ ನನಗೆ ತಿಂಡಿ, ರಾಟವಾಳ, ರಾತ್ರಿಯ ಪಟಾಕಿ, ಇಷ್ಟೇ ಆಗಿತ್ತು. ರೋಡಿಯೋ, ಅಂದರೆ ನೆಗೆಯುವ ಕುದುರೆ ಏರುವ, ದನ ಹಿಡಿದು ಕೆಡವುವ ಪಂದ್ಯಗಳ ಟಿಕೆಟಿಗೆ ದುಡ್ಡು ಸುರಿದಿರಲಿಲ್ಲ. ಈ ಸಲ ಮಗಳು ಹಟ ಹಿಡಿದಳು.

ಮೊದಲಿಗೆ ಜೀನಿಲ್ಲದ ಸವಾರಿ. ಕುದುರೆಯನ್ನು ನಿಲ್ಲಿಸುವ ಕಬ್ಬಿಣದ ಗೂಡು ಅದರ ಮೈ ಅಳತೆಗಷ್ಟೇ ಇರುತ್ತದೆ, ತಿರುಗಲು ಎಡೆಯಿಲ್ಲ. ಸವಾರ ಎರಡು ಬದಿಯ ಸರಳುಗಳ ಮೇಲೆ ಕಾಲೂರಿ ನಿಂತು, ಮೆಲ್ಲಗೆ ಕೆಳಗಿಳಿದು ಕೂತ. ಜೀನೂ ಇಲ್ಲ, ಲಗಾಮೂ ಇಲ್ಲ. ಹೆಗಲ ಹಿಂದೆ ಬಿಗಿದ ಚರ್ಮದ ಒಂದು ಹಿಡಿ ಇದೆ, ಅದರೊಳಗೆ ಒಂದು ಕೈ ತೂರಿಸಿದ. ಇನ್ನೊಂದು ಕೈ ಗಾಳಿಯಲ್ಲಿ. ಆ ಕೈ ಕುದುರೆಗೆ ತಾಗಲಿ, ತನ್ನ ಮೈಗೇ ತಾಗಲಿ, ಆಟ ಮುಗಿದಂತೆ. ತಲೆ ಆಡಿಸಿದ, ಬಾಗಿಲು ತೆರೆಯಿತು. ಮೊದಲ ನೆಗೆತದಲ್ಲಿ ಕುದುರೆಯ ಮುಂಗಾಲು ನೆಲ ಮುಟ್ಟುವ ಹೊತ್ತಿಗೆ ಸವಾರನ ಹಿಮ್ಮಡಿಗಳು ಅದರ ಹೆಗಲಿಗಿಂತ ಮೇಲಿರಬೇಕು ಎಂಬುದು ನಿಯಮ. ಆಮೇಲೆ ಎಂಟು ಸೆಕೆಂಡು ಬೀಳದೆ ಕೂರಬೇಕು. 'ಏಳು ಕೋಟಿ ಏಳು ಕೋಟಿ ಏಳು ಕೋಟಿಗೋ' ಎಂದು ಎರಡು ಸಲ ಕೂಗುವಷ್ಟರಲ್ಲಿ ಮುಗಿದುಹೋಗುವ ಕಾಲ. ಆ ಹುಡುಗ ಮೊದಲನೆಯ ಕೂಗಿಗೇ ಮಣ್ಣು ಮುಕ್ಕಿದ.

ಜನರೆಲ್ಲ ಬಿದ್ದವನನ್ನು ನೋಡುತ್ತಿದ್ದರೆ ನನ್ನ ಕಣ್ಣು ಬೇರೆ ಕಡೆಗಿತ್ತು. ಕಣದಲ್ಲಿ ಇನ್ನಿಬ್ಬರು ಸವಾರರು ಇರುತ್ತಾರೆ. ಎಂಟು ಸೆಕೆಂಡು ಮುಗಿಸಿದವನ ಪಕ್ಕಕ್ಕೆ ಕುದುರೆ ಓಡಿಸಿಕೊಂಡು ಹೋಗಿ, ಅವನನ್ನು ಸೊಂಟ ಹಿಡಿದು ಇಳಿಸಿಕೊಂಡು, ನೆಗೆಯುವ ಕುದುರೆಯ ನಡುವಿಗೆ ಬಿಗಿದ ಪಟ್ಟಿ ಸಡಿಲಿಸುವುದು ಅವರ ಕೆಲಸ. ಅವರ ಕುದುರೆಗಳಿಗೆ ಅಂಕವೂ ಇಲ್ಲ, ಚಪ್ಪಾಳೆಯೂ ಇಲ್ಲ. ಅದರಲ್ಲೊಂದು ಕಂದು ಕುದುರೆ ಅಷ್ಟು ಗದ್ದಲದ ನಡುವೆ ಸುಮ್ಮನೆ ನಿಂತಿತ್ತು. ಒಂದು ಕಿವಿ ಮುಂದಕ್ಕೆ, ಇನ್ನೊಂದು ಕಿವಿ ಪೂರ್ತಿ ಹಿಂದಕ್ಕೆ, ಬೆನ್ನ ಮೇಲಿದ್ದವನ ಕಡೆಗೆ.

ನಮ್ಮ ಕೆಂದಿ ಹೀಗೇ ಕಿವಿ ತಿರುಗಿಸುತ್ತಿದ್ದಳು.

ನಾವು ರಾಯಬಾಗ ಕಡೆಯ ಕುರುಬರು. ದೀಪಾವಳಿ ಮುಗಿಸಿ ಕುರಿ ಹೊರಡಿಸಿದರೆ ಮತ್ತೆ ಊರು ಕಾಣುವುದು ಮುಂಗಾರಿಗೆ. ಘಟಪ್ರಭೆ ದಾಟಿ ಖಾನಾಪುರದ ಗದ್ದೆಗಳವರೆಗೆ ಹೋಗುತ್ತಿದ್ದೆವು. ಗೊಬ್ಬರಕ್ಕಾಗಿ ರಾತ್ರಿ ಗದ್ದೆಯಲ್ಲಿ ಕುರಿ ತರುಬಿದರೆ ಗದ್ದೆಯವರು ಜೋಳವನ್ನೋ ಭತ್ತವನ್ನೋ ಕೊಡುತ್ತಿದ್ದರು. ಬಿಡಾರವೆಲ್ಲ ಕೆಂದಿಯ ಬೆನ್ನಿನ ಮೇಲೆ: ಕಂಬಳಿ, ಗಡಿಗೆ, ಒರಳು, ಕೋಳಿಬುಟ್ಟಿ, ಹುರುಳಿ ಚೀಲ. ಎರಡೂ ಬದಿಗೆ ಇಳಿಬಿಟ್ಟ ಹಸುಬೆಯಲ್ಲಿ ಒಂದು ಕಡೆ ಅಂದು ಹುಟ್ಟಿದ ಕುರಿಮರಿಗಳು, ಇನ್ನೊಂದು ಕಡೆ ನಾನು. ನಾನು ಮೈತುಂಬಿಕೊಂಡ ಹಾಗೆ ಆ ಕಡೆ ಮರಿಗಳ ಸಂಖ್ಯೆ ಹೆಚ್ಚುತ್ತಿತ್ತು. ಮರಿ ಸಾಲದಿದ್ದರೆ ಅವ್ವ ಒಂದು ಕಲ್ಲು ಹಾಕುತ್ತಿದ್ದಳು. ನಡೆಯುವುದಕ್ಕಿಂತ ಮೊದಲು ಕುದುರೆ ಸವಾರಿ ಕಲಿತವನು ನಾನು ಎಂದು ಇಲ್ಲಿಯ ಗೆಳೆಯರ ಮುಂದೆ ಈಗಲೂ ಜಂಬ ಕೊಚ್ಚುತ್ತೇನೆ.

ಇಲ್ಲಿ ಯಾರಾದರೂ ಕುದುರೆಯ ಜೊತೆ ಬೆಳೆದವರು ಇದ್ದೀರಾ?

ಹಾವೇರಿ ಹೋರಿ

ಅಣ್ಣ, ನಾನು ಕುದುರೆ ಏರಿದವನಲ್ಲ, ಆದರೆ ನಿಮ್ಮ ಬರಹ ಓದಿ ಮೈ ಜುಮ್ಮೆಂದಿತು. ನಮ್ಮಲ್ಲಿ ದೀಪಾವಳಿಯ ಹೊತ್ತಿಗೆ ಹೋರಿ ಹಬ್ಬ. ಹೋರಿಯ ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು, ಮೈಗೆ ಜೂಲ ಹಾಕಿ ಓಡಲು ಬಿಡುತ್ತೇವೆ. ಹುಡುಗರು ಹಿಡಿದು ಕೊಬ್ಬರಿ ಹರಿಯಬೇಕು. ಹರಿಯಲು ಬಿಡದೆ ಪಾರಾದರೆ ಗೆದ್ದದ್ದು ಹೋರಿ. ಬಹುಮಾನದ ಬೈಕೂ ಹೋರಿಯ ಹೆಸರಿಗೇ! ನಿಮ್ಮ ರೋಡಿಯೋದಲ್ಲಿ ಕುದುರೆಗೆ ಏನೂ ಸಿಗುವುದಿಲ್ಲವೇ?

ಇನ್ನೊಂದು. ಕೆಂದಿ ಆಮೇಲೆ ಏನಾದಳು?

ಕಂಬಳಿಕೊಪ್ಪೆ (ಕ್ಯಾಲ್ಗರಿ)

ಸಿಗುತ್ತದೆ ತಮ್ಮ, ಅರ್ಧಕ್ಕರ್ಧ. ನೂರು ಅಂಕದಲ್ಲಿ ಐವತ್ತು ಸವಾರನಿಗೆ, ಐವತ್ತು ಕುದುರೆಗೆ. ಕುದುರೆ ಸಪ್ಪಗೆ ನೆಗೆದರೆ ಎಂಟು ಸೆಕೆಂಡು ಕೂತವನಿಗೂ ಹೆಚ್ಚು ಅಂಕ ಬರುವುದಿಲ್ಲ. ಅದಕ್ಕೇ ಚೀಟಿ ಎತ್ತಿ ಯಾರಿಗೆ ಯಾವ ಕುದುರೆ ಎಂದು ಗೊತ್ತಾದಾಗ, ಕೆಟ್ಟ ಕುದುರೆ ಸಿಕ್ಕಿದವನು ಹಿಗ್ಗುತ್ತಾನೆ, ಸಾಧು ಕುದುರೆ ಸಿಕ್ಕಿದವನು ಮುಖ ಸಪ್ಪೆ ಮಾಡುತ್ತಾನೆ.

ಕುದುರೆಗಳೂ ಇಲ್ಲಿ ಹೆಸರಾಂತರು. ಕ್ಯಾಲ್ಗರಿ ಸ್ಟ್ಯಾಂಪೀಡಿನವರದೇ ಒಂದು ಗಂಡು ಕುದುರೆ ಇತ್ತು, ವರ್ಷದ ಶ್ರೇಷ್ಠ ನೆಗೆಯುವ ಕುದುರೆ ಎಂಬ ಪಟ್ಟ ಆರು ಸಲ ಗೆದ್ದದ್ದು. ಅದರ ಹೆಸರು ಕೇಳಿ ಮಗಳೂ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಗ್ರೇಟೆಡ್ ಕೊಕೊನಟ್. ಅಂದರೆ ಕಾಯಿತುರಿ! ತಾಯಿಯ ಹೆಸರು ಕೊಕೊನಟ್ ರೋಲ್ ಆಗಿತ್ತಂತೆ. ನಿಮ್ಮ ಹೋರಿಗೆ ಕೊಬ್ಬರಿ ಹಾರ, ಇವರ ಕುದುರೆಯೇ ಕಾಯಿತುರಿ.

ಕೆಂದಿಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ತುಂಗೆಯ ದಡ

ಎಲ್ಲರ ನಗುವಿಗೆ ತಣ್ಣೀರು ಎರಚುತ್ತಿರುವುದಕ್ಕೆ ಕ್ಷಮಿಸಿ. ಹೊಟ್ಟೆಗೆ ಪಟ್ಟಿ ಬಿಗಿದು, ನೋವಿಗೆ ಪ್ರಾಣಿ ಒದ್ದಾಡುವುದನ್ನು ಆಟವೆಂದು ನೋಡುವ ಮನಸ್ಸಾದರೂ ಹೇಗೆ ಬರುತ್ತದೆ? ಮರ್ಮಾಂಗಕ್ಕೇ ಪಟ್ಟಿ ಕಟ್ಟುತ್ತಾರೆ ಎಂದು ಓದಿದ್ದೇನೆ. ಕಣಕ್ಕೆ ಕರುವನ್ನು ಬಿಟ್ಟು, ಓಡುತ್ತಿರುವಾಗಲೇ ಕೊರಳಿಗೆ ಕುಣಿಕೆ ಎಸೆದು, ನೆಲಕ್ಕೆ ಕೆಡವಿ, ಮೂರು ಕಾಲು ಕಟ್ಟುವುದೂ ಅಲ್ಲಿಯ ಒಂದು ಪಂದ್ಯವಲ್ಲವೇ? ಕುದುರೆಯನ್ನು ಮನೆಮಗಳಂತೆ ಕಂಡ ಕಂಬಳಿಕೊಪ್ಪೆಯವರು ಇದನ್ನೆಲ್ಲ ನೋಡಿ ಕಿವಿಯ ಬಗ್ಗೆ ಮಾತ್ರ ಬರೆದದ್ದು ನನಗೆ ಸೋಜಿಗ.

ನಿವೃತ್ತ ಪಶುವೈದ್ಯ

31 ವರ್ಷ ಜಾನುವಾರು ಆಸ್ಪತ್ರೆಯಲ್ಲಿ ದುಡಿದವನು ನಾನು. ಮಗನ ಮನೆಗೆಂದು ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ. ತುಂಗೆಯ ದಡದವರ ಸಿಟ್ಟು ನ್ಯಾಯದ್ದೇ, ಆದರೆ ಎರಡು ಸಂಗತಿ ಬೆರೆತುಹೋಗಿವೆ.

ಪಟ್ಟಿ ಕಟ್ಟುವುದು ಮರ್ಮಾಂಗಕ್ಕಲ್ಲ. ಪಕ್ಕೆಲುಬು ಮುಗಿದು ತೊಡೆ ಶುರುವಾಗುವ ನಡುವಿನ ಮೆತ್ತನೆಯ ಜಾಗದ ಸುತ್ತ. ಒಳಬದಿಗೆ ಉಣ್ಣೆಯ ಮೆತ್ತೆ ಇರುತ್ತದೆ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕೊಂಡಿ ಇರುತ್ತದೆ. ನೆಗೆಯುವ ಹೆಣ್ಣು ಕುದುರೆಗಳೂ ಬೇಕಾದಷ್ಟಿವೆ, ಅವುಗಳಿಗೂ ಇದೇ ಪಟ್ಟಿ. ನೋವಾದ ಪ್ರಾಣಿ ಸಾಮಾನ್ಯವಾಗಿ ಕುಗ್ಗುತ್ತದೆ, ಮಲಗುತ್ತದೆ, ಇಲ್ಲವೇ ಹಟ ಹಿಡಿದು ನಿಲ್ಲುತ್ತದೆ. ಲಯವಾಗಿ ಹಿಂಗಾಲು ಝಾಡಿಸಿ ನೆಗೆಯುವುದಿಲ್ಲ. ಆ ಪಟ್ಟಿ ಒಂದು ಕಿರಿಕಿರಿ ಮತ್ತು ಒಂದು ಸೂಚನೆ. ಬೆನ್ನ ಮೇಲೆ ಏನಾದರೂ ಬಿದ್ದರೆ ಕೊಡವುವುದು ಕುದುರೆಯ ರಕ್ತದಲ್ಲೇ ಇದೆ, ಕಾಡಿನಲ್ಲಿ ಬೆನ್ನಿಗೆ ಹಾರುತ್ತಿದ್ದದ್ದು ಹುಲಿ ಸಿಂಹಗಳು ತಾನೇ. ಕೆಲವು ವಂಶಗಳಲ್ಲಿ ಆ ಗುಣ ಹೆಚ್ಚು. ಕ್ಯಾಲ್ಗರಿಯವರು ಹ್ಯಾನಾ ಎಂಬ ಊರಿನ ಹತ್ತಿರ 1961ರಿಂದ ಒಂದು ದೊಡ್ಡ ಹುಲ್ಲುಗಾವಲು ಇಟ್ಟುಕೊಂಡು ಅಂಥ ಕುದುರೆಗಳನ್ನೇ ತಳಿ ಮಾಡುತ್ತಾರೆ.

ಕರುವಿನ ಪಂದ್ಯದ ವಿಷಯದಲ್ಲಿ ನಾನು ತುಂಗೆಯ ದಡದವರ ಪಕ್ಷ. ಓಟದ ವೇಗದಲ್ಲಿ ಕೊರಳಿಗೆ ಹಗ್ಗ ಜಗ್ಗಿದರೆ ಕತ್ತಿನ ಮೇಲೆ ಬೀಳುವ ಎಳೆತ ಸಣ್ಣದಲ್ಲ, ಎಳೆಯ ಪ್ರಾಣಿಗೆ ಭಯವೂ ಆಗುತ್ತದೆ. ವಿಶಾಲ ಹುಲ್ಲುಗಾವಲಿನಲ್ಲಿ ಕರುವಿಗೆ ಔಷಧ ಹಾಕಬೇಕಾದರೆ ಹೀಗೆ ಹಿಡಿಯುವುದು ಅಗತ್ಯವಿರಬಹುದು. ಗಡಿಯಾರ ಇಟ್ಟುಕೊಂಡು ಹಿಡಿಯುವ ಅಗತ್ಯ ಯಾವ ಔಷಧಕ್ಕೂ ಇಲ್ಲ.

ಮೂಕಿಭಾರ (ಮೈಸೂರು)

ಕಂಬಳಿಕೊಪ್ಪೆಯವರೇ, ಹಸುಬೆಯಲ್ಲಿ ಕಲ್ಲು ಹಾಕಿ ತೂಕ ಸರಿ ಮಾಡುತ್ತಿದ್ದರು ಎಂದಿರಲ್ಲ, ಅಲ್ಲೇ ನಿಂತುಬಿಟ್ಟೆ. ನಮ್ಮ ತಾತನದು ಜಟಕಾ. ಮೈಸೂರು ರೈಲು ನಿಲ್ದಾಣದ ಎದುರು ನಿಲ್ಲಿಸುತ್ತಿದ್ದರು, ಲಾಯ ಇದ್ದದ್ದು ಮಂಡಿ ಮೊಹಲ್ಲಾದಲ್ಲಿ. ಎರಡೇ ಗಾಲಿಯ ಗಾಡಿಯಲ್ಲಿ ಎಲ್ಲವೂ ತೂಕದ ಆಟ. ಹಿಂದೆ ದಪ್ಪನೆಯವರು ಕೂತರೆ ಮೂಕಿ (ಕುದುರೆ ಕಟ್ಟುವ ಮುಂದಿನ ಕೋಲು) ಮೇಲೆದ್ದು ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತದೆ, ಮುಂದೆ ಭಾರವಾದರೆ ಹೆಗಲು ಉಜ್ಜಿ ಹುಣ್ಣಾಗುತ್ತದೆ. ಅದಕ್ಕೇ ತಾತ ಸವಾರಿ ಹತ್ತಿಸಿಕೊಂಡ ಕೂಡಲೇ 'ಸ್ವಲ್ಪ ಮುಂದೆ ಸರಿಯಿರಿ ಸ್ವಾಮಿ', 'ಅಮ್ಮಾ ಒಂದು ಗೇಣು ಹಿಂದೆ' ಎಂದು ದೊಡ್ಡ ದೊಡ್ಡ ಅಧಿಕಾರಿಗಳನ್ನೂ ಸರಿಸಾಡುತ್ತಿದ್ದರು. ಕೊನೆಗೆ ನನ್ನನ್ನು ಮೂಕಿಯ ಬುಡದಲ್ಲೋ ಹಿಂದಿನ ಮೆಟ್ಟಿಲ ಮೇಲೋ ಕೂರಿಸುವುದು. ಅಂದರೆ ನಾನೂ ನಿಮ್ಮವ್ವನ ಕಲ್ಲೇ.

ಕುದುರೆಯ ಹೆಸರು ರಾಜಾ. ಅವನ ನಾಲ್ಕು ಲಾಳ ಕಾಂಕ್ರೀಟು ರಸ್ತೆಗೆ ಬೀಳುವ ಸದ್ದಿನಲ್ಲಿ ಒಂದು ಲಾಳ ಸಡಿಲವಾಗಿದ್ದರೂ ಅಜ್ಜಿ ಅಡುಗೆಮನೆಯಲ್ಲಿ ಕೂತೇ ಹೇಳಿಬಿಡುತ್ತಿದ್ದರು. ಆಟೊಗಳು ಬಂದ ಮೇಲೆ ಸಂಪಾದನೆ ಹುರುಳಿಗೂ ಸಾಲದಾಯಿತು. ದಸರೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಅರಮನೆ ಸುತ್ತ ಓಡುವ ಸಾರೋಟುಗಳನ್ನು ಕಂಡಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಕುದುರೆಯ ಹೆಗಲಿಗೆ. ಹುಣ್ಣು ಕಂಡರೆ ಗಾಡಿಯವನ ಜೊತೆ ಜಗಳ ಕಾಯುತ್ತೇನೆ. ಮನೆಯವರಿಗೆ ನಾಚಿಕೆ.

ಹ್ಯೂಸ್ಟನ್ ಅಕ್ಕ

ನಮ್ಮೂರಿನ ರೋಡಿಯೋ ವಿಷಯ ಯಾರೂ ಎತ್ತಲಿಲ್ಲವಲ್ಲ! ಮಾರ್ಚ್ ಬಂತೆಂದರೆ ನಮ್ಮಲ್ಲಿ ಇದೇ ಗಲಾಟೆ, 1932ರಿಂದ ನಡೆದುಕೊಂಡು ಬಂದದ್ದು. ಶುರುವಾಗುವ ಮೊದಲು ಸುತ್ತಲ ಊರುಗಳಿಂದ ಜನ ಕುದುರೆ ಏರಿ, ಕಮಾನು ಗಾಡಿ ಕಟ್ಟಿಕೊಂಡು, ದಿನಗಟ್ಟಲೆ ಸವಾರಿ ಮಾಡಿ ಹೆದ್ದಾರಿಯ ಪಕ್ಕದಲ್ಲೇ ಬರುತ್ತಾರೆ. ಇಂಥ ಸವಾರಿಗಳಲ್ಲಿ ಎಲ್ಲಕ್ಕಿಂತ ಹಳೆಯದು 1952ರಲ್ಲಿ ಶುರುವಾಯಿತು. ಆಫೀಸಿಗೆ ಹೋಗುವಾಗ ಕೆಂಪು ದೀಪದಲ್ಲಿ ನನ್ನ ಕಾರಿನ ಪಕ್ಕ ಒಂದು ಕುದುರೆ ನಿಂತು ಕಿಟಕಿಗೆ ಉಸಿರು ಬಿಟ್ಟಿತ್ತು, ಗಾಜೆಲ್ಲ ಮಂಜು.

ನಮ್ಮ ಮನೆಯವರಿಗೆ ತುಂಬ ಇಷ್ಟವಾದದ್ದು ಮಕ್ಕಳ ಕುರಿ ಸವಾರಿ. ಐದಾರು ವರ್ಷದ, ಇಪ್ಪತ್ತೈದು ಕಿಲೋ ಒಳಗಿನ ಮಕ್ಕಳಿಗೆ ಹೆಲ್ಮೆಟ್ ಹಾಕಿ ಕುರಿಯ ಬೆನ್ನ ಮೇಲೆ ಬೋರಲಾಗಿ ಮಲಗಿಸಿ ಬಿಡುತ್ತಾರೆ. ಕುರಿ ಓಡುತ್ತದೆ, ಮಗು ಉಣ್ಣೆ ಹಿಡಿದು ನೇತಾಡುತ್ತದೆ, ನಾಲ್ಕು ಮಾರು ಹೋಗುವುದರೊಳಗೆ ಪಕ್ಕಕ್ಕೆ ಜಾರಿ ಬೀಳುತ್ತದೆ. ಕೆಲವು ಅಳುತ್ತವೆ, ಕೆಲವು ಎದ್ದು ಎರಡೂ ಕೈ ಎತ್ತಿ ಜನರಿಗೆ ತೋರಿಸುತ್ತವೆ. ಕಂಬಳಿಕೊಪ್ಪೆಯವರು ಏನನ್ನುತ್ತೀರಿ?

ಅಂದ ಹಾಗೆ, ಓಡುವ ಹೋರಿಯ ಮೇಲೆ ಕುದುರೆಯಿಂದ ಹಾರಿ ಕೊಂಬು ಹಿಡಿದು ಕೆಡವುವ ಪಂದ್ಯವನ್ನು ಶುರು ಮಾಡಿದವನು ಬಿಲ್ ಪಿಕೆಟ್, ಟೆಕ್ಸಸ್‌ನಲ್ಲಿ 1870ರಲ್ಲಿ ಹುಟ್ಟಿದ ಕಪ್ಪು ದನಗಾಹಿ. ನಾಯಿಗಳು ದನದ ತುಟಿ ಕಚ್ಚಿ ಹಿಡಿಯುವುದನ್ನು ನೋಡಿ ತಾನೂ ಹೋರಿಯ ತುಟಿಗೆ ಹಲ್ಲು ಹಾಕುತ್ತಿದ್ದನಂತೆ. ಇಲ್ಲಿಯ ದನಗಾಹಿಗಳು ಎಂದರೆ ಎಲ್ಲರೂ ಬಿಳಿಯರು ಎಂದುಕೊಂಡಿದ್ದೆ, ಬಂದ ಹೊಸತರಲ್ಲಿ.

ಕಂಬಳಿಕೊಪ್ಪೆ (ಕ್ಯಾಲ್ಗರಿ)

ಅಕ್ಕಾ, ನಿಮ್ಮ ಪೋಸ್ಟ್ ಓದಿ ಎದೆಯ ಮೇಲೆ ಕೈ ಇಟ್ಟುಕೊಂಡೆ. ಕುರಿಯ ಮೇಲೆ ಸವಾರಿ! ನಮ್ಮಜ್ಜಿ ಇದ್ದಿದ್ದರೆ ಮಗುವಿಗೂ ಅದರ ಅಪ್ಪನಿಗೂ ಸೇರಿಸಿ ಬೆನ್ನಿಗೆ ಬಿಡುತ್ತಿದ್ದಳು. ಕುರಿಯ ನಡು ಬಲು ನಾಜೂಕು. ಗಬ್ಬದ ಕುರಿಯಾದರಂತೂ ಹತ್ತಿರ ಓಡಿದರೂ ಬೈಗುಳ. ಹಿಡಿಯಬೇಕಾದರೆ ಹಿಂಗಾಲಿನ ಕೀಲಿನ ಮೇಲೆ ಹಿಡಿಯಬೇಕು, ಉಣ್ಣೆ ಜಗ್ಗಬಾರದು, ಚರ್ಮ ಎದ್ದು ಬರುತ್ತದೆ. ಆದರೂ ಆ ಮಕ್ಕಳು ಕೈ ಎತ್ತುವುದನ್ನು ನೋಡಬೇಕೆನ್ನಿಸಿದ್ದು ಸುಳ್ಳಲ್ಲ.

ತುಂಗೆಯ ದಡದವರೇ, ನೀವು ಕೇಳಿದ್ದು ಸರಿ. ಕರುವಿನ ಪಂದ್ಯ ಬಂದಾಗ ಮಗಳನ್ನು ಕರೆದುಕೊಂಡು ಹೊರಗೆ ಹೋಗಿ ಐಸ್‌ಕ್ರೀಮ್ ಕೊಡಿಸಿದೆ. ಅದನ್ನು ಬರೆಯಲಿಲ್ಲ, ಅಷ್ಟೇ. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ನಾವು ಕೆಂದಿಯನ್ನು ಮನೆಮಗಳಂತೆ ಕಂಡೆವು ಎಂಬುದು ಅರ್ಧ ಸತ್ಯ. ರಾತ್ರಿ ಮೇಯಲು ಬಿಡುವಾಗ ಮುಂಗಾಲುಗಳೆರಡಕ್ಕೂ ಹಗ್ಗ ಕಟ್ಟುತ್ತಿದ್ದೆವು, ದೂರ ಹೋಗದಿರಲಿ ಎಂದು. ಕುಪ್ಪಳಿಸಿ ಕುಪ್ಪಳಿಸಿ ಮೇಯುತ್ತಿದ್ದಳು. ಆ ಗುರುತು ಅವಳ ಕಾಲಿನ ಕೂದಲಿನಲ್ಲಿ ಬಳೆ ತೊಡಿಸಿದ ಹಾಗೆ ಬೆಳ್ಳಗೆ ಉಳಿದಿತ್ತು. ಮೈಲಾರಲಿಂಗನ ವಾಹನವೆಂದು ಅಮಾವಾಸ್ಯೆಗೆ ಭಂಡಾರ ಹಚ್ಚುತ್ತಿದ್ದದ್ದೂ ನಿಜ, ಹಗ್ಗ ಕಟ್ಟುತ್ತಿದ್ದದ್ದೂ ನಿಜ.

ಒಂದು ಘಟನೆ ಹೇಳುತ್ತೇನೆ. ಘಟಪ್ರಭೆ ದಾಟುವಾಗ ಮೊದಲು ನೀರಿಗಿಳಿಯುವುದು ಕೆಂದಿ. ಒಂದು ಕಾಲು ನೀರಿಗಿಟ್ಟು, ಗೊರಸಿನಿಂದ ಮರಳು ಕೆದರಿ, ತಲೆ ತಗ್ಗಿಸಿ ಮೂಸಿ ನೋಡುತ್ತಿದ್ದಳು. ಒಂದು ವರ್ಷ ಎಲ್ಲರೂ ದಾಟುವ ಜಾಗದಲ್ಲಿ ಕಾಲಿಟ್ಟವಳು ಹಿಂದೆ ತೆಗೆದುಬಿಟ್ಟಳು. ಅಪ್ಪ ಚಾಟಿ ಎತ್ತಿದ. ದೊಡ್ಡಪ್ಪ ಬೇಡವೆಂದು ಕೈಸನ್ನೆ ಮಾಡಿ, ಕೋಲು ಇಳಿಸಿ ನೋಡಿದರೆ ಆಳೆತ್ತರ ಗುಂಡಿ. ಮರಳು ತೆಗೆದು ಲಾರಿಗೆ ತುಂಬಿದ್ದರು. ಹಸುಬೆಯಲ್ಲಿ ಕೂತಿದ್ದ ನನಗೆ ಅಂದು ಕಂಡದ್ದು ಅವಳ ಕಿವಿಗಳು ಮಾತ್ರ. ಎರಡೂ ಹಿಂದಕ್ಕೆ ಮಲಗಿದ್ದವು.

ಹೊಸಪೇಟೆ ಮೇಷ್ಟ್ರು

ಇತಿಹಾಸದ ಮೇಷ್ಟರ ಬಾಯಿಗೆ ಕುದುರೆ ಸಿಕ್ಕರೆ ಸುಲಭಕ್ಕೆ ಬಿಡುವುದಿಲ್ಲ, ತಾಳ್ಮೆ ಇರಲಿ.

ರೋಡಿಯೋ ಎನ್ನುವುದು ಸ್ಪ್ಯಾನಿಷ್ ಮಾತು, ಸುತ್ತುವರಿ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಬಯಲಿನಲ್ಲಿ ಚದುರಿದ ದನಗಳನ್ನು ಕುದುರೆ ಏರಿದವರು ಸುತ್ತುಗಟ್ಟಿ ಒಟ್ಟುಗೂಡಿಸುವ ಕೆಲಸಕ್ಕೆ ಆ ಹೆಸರು. ಕುಣಿಕೆ ಹಗ್ಗ, ಕೊಂಬಿರುವ ಜೀನು, ಎಲ್ಲವೂ ಮೆಕ್ಸಿಕೊದ ದನಗಾಹಿಗಳಿಂದ ಉತ್ತರಕ್ಕೆ ಹೋದವು. ಆ ದನಗಾಹಿಗಳ ಕೆಲಸದಿಂದಲೇ ಬೆಳೆದ ಅಲ್ಲಿಯ ಚರ್ರೇರಿಯಾ ಆಟವನ್ನು ಯುನೆಸ್ಕೊ 2016ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ.

ಅಮೆರಿಕ ಖಂಡದಲ್ಲಿ ಕುದುರೆ ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋಗಿತ್ತು. ಸ್ಪೇನಿನ ದಂಡನಾಯಕ ಕೊರ್ತೆಸ್ 1519ರಲ್ಲಿ ಮೆಕ್ಸಿಕೊದ ದಡಕ್ಕೆ ಇಳಿದಾಗ ತಂದದ್ದು 16 ಕುದುರೆ. ಜೊತೆಗಿದ್ದ ಸೈನಿಕನೊಬ್ಬ ಒಂದೊಂದರ ಬಣ್ಣ, ಗುಣ, ಒಡೆಯನ ಹೆಸರು ಎಲ್ಲವನ್ನೂ ಬರೆದಿಟ್ಟಿದ್ದಾನೆ. ಹಡಗಿನಲ್ಲೇ ಒಂದು ಮರಿ ಹುಟ್ಟಿದ್ದನ್ನೂ. ಅದರ ಮರುವರ್ಷ, 1520ರಲ್ಲಿ, ನಮ್ಮಲ್ಲಿ ಕೃಷ್ಣದೇವರಾಯ ರಾಯಚೂರಿನ ಯುದ್ಧ ಮಾಡುತ್ತಿದ್ದ. ಅವನ ಲಾಯಗಳಿಗೆ ಸಮುದ್ರದ ಮೇಲೆ ಬಂದಿಳಿಯುತ್ತಿದ್ದ ಕುದುರೆಗಳ ಲೆಕ್ಕ ಸಾವಿರಗಳಲ್ಲಿ. ಅವನಿಗಿಂತ ಹಿಂದಿನ ಸಾಳುವ ನರಸಿಂಹನ ಬಗ್ಗೆ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದದ್ದನ್ನು ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚಿನವರೂ ಎಚ್ಚರವಾಗುತ್ತಾರೆ: ದಾರಿಯಲ್ಲಿ ಸತ್ತ ಕುದುರೆಗೂ ಅರಸ ಹಣ ಕೊಡುತ್ತಿದ್ದನಂತೆ, ಅದರ ಬಾಲ ತಂದು ತೋರಿಸಿದರೆ ಸಾಕು! ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಗೆ ಹೋಗಿ ನೋಡಿ, ಕಲ್ಲಿನಲ್ಲಿ ಕುದುರೆಗಳ ಸಾಲು ಸಾಲು ಮೆರವಣಿಗೆ.

ಹಾಗೆ ಅರಸರ ಲಾಯದಲ್ಲಿದ್ದ ಪ್ರಾಣಿ ಕುರುಬರ ಬಿಡಾರ ಹೊರುವ ತಟ್ಟುವೂ ಆಯಿತು, ಜಟಕಾ ರಾಜಾನೂ ಆಯಿತು. ಆದರೆ ನಮ್ಮಲ್ಲಿ ದನ ಕಾಯಲು ಕುದುರೆ ಬಳಕೆಗೆ ಬರಲಿಲ್ಲ. ದನ ಕಾಯಲು ಇಲ್ಲಿ ಒಬ್ಬ ಹುಡುಗ, ಒಂದು ಕೋಲು ಸಾಕಾಗಿತ್ತು.

ತುಂಗೆಯ ದಡ

ಮರ್ಮಾಂಗದ ಮಾತು ಹಿಂದಕ್ಕೆ ತೆಗೆದುಕೊಂಡೆ, ಡಾಕ್ಟರೇ. ಆದರೆ ಕ್ಯಾಲ್ಗರಿಯ ಗಾಡಿ ಓಟದ ಬಗ್ಗೆ ಹುಡುಕಿ ಓದಿದೆ. ನಾಲ್ಕು ನಾಲ್ಕು ಕುದುರೆ ಕಟ್ಟಿದ ಗಾಡಿಗಳು ಪೀಪಾಯಿ ಸುತ್ತಿ ಓಡುವುದು, 1923ರಿಂದ ಇದೆಯಂತೆ. 2019ರಲ್ಲಿ ಒಂದೇ ಉತ್ಸವದಲ್ಲಿ ಆರು ಕುದುರೆ ಸತ್ತಿವೆ. ಅದಕ್ಕೇನನ್ನುತ್ತೀರಿ?

ಹಾವೇರಿಯವರೂ ನಗುವುದು ಬೇಡ. ಜಲ್ಲಿಕಟ್ಟು, ಕಂಬಳ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಬೇಡವೆಂದಿತು, ಸರ್ಕಾರಗಳು ಕಾನೂನು ತಿದ್ದಿದವು, 2023ರಲ್ಲಿ ಅದೇ ಕೋರ್ಟು ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಕಾನೂನು ಒಪ್ಪಿದ ಮಾತ್ರಕ್ಕೆ ಹೋರಿಗೆ ಖುಷಿ ಎಂದು ಹೇಳಲಾಗುತ್ತದೆಯೇ?

ಹಾವೇರಿ ಹೋರಿ

ನಾನು ನಕ್ಕಿದ್ದು ಕಾಯಿತುರಿಗೆ, ಕೋರ್ಟಿಗಲ್ಲ. ನಮ್ಮ ಹೋರಿ ವರ್ಷಪೂರ್ತಿ ತಿನ್ನುವ ಹತ್ತಿಕಾಳು, ಹುರುಳಿ, ಮೊಟ್ಟೆಯ ಲೆಕ್ಕ ಕೊಟ್ಟರೆ ನೀವೇ ಮುಂದಿನ ಜನ್ಮಕ್ಕೆ ಅರ್ಜಿ ಹಾಕುತ್ತೀರಿ. ಜನ ಸಾಯುತ್ತಾರೆ ಎಂದು ಹೇಳಿ, ಒಪ್ಪುತ್ತೇನೆ. ನಮ್ಮೂರಿನಲ್ಲೇ ಆಗಿದೆ. ಓಡುವ ದಾರಿಯ ಎರಡೂ ಬದಿಗೆ ಬೇಲಿ ಹಾಕಿ ಎಂದು ನಾಲ್ಕು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ. ಬಹುಮಾನಕ್ಕೆ ಬರುವ ದುಡ್ಡು ಬೇಲಿಗೆ ಬರುವುದಿಲ್ಲ.

ಕುಣಿಗಲ್ ಕೆರೆ ಏರಿ

ಗಾಡಿ ಓಟದ ಕುದುರೆಗಳಲ್ಲಿ ಬಹಳಷ್ಟು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು. ಅಲ್ಲಿಯ ಗಾಡಿಯವರ ವಾದವೂ ಅದೇ: ನಾವು ತೆಗೆದುಕೊಳ್ಳದಿದ್ದರೆ ಅವು ಕಸಾಯಿಖಾನೆಗೆ ಹೋಗುತ್ತಿದ್ದವು ಎಂದು. ಆ ದುರಂತದ ನಂತರ ಒಂದು ಓಟಕ್ಕೆ ನಾಲ್ಕು ಗಾಡಿಯ ಬದಲು ಮೂರು ಎಂದು ನಿಯಮ ಬದಲಿಸಿದ್ದಾರೆ. ಸಾಕೇ ಎಂದರೆ ಸಾಲದು.

ನಾನು ಹುಟ್ಟಿ ಬೆಳೆದದ್ದು ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತಿದ್ದ ಊರಿನಲ್ಲಿ. ಬೇಲಿಯ ಆಚೆ ತಾಯಿ ಕುದುರೆಗಳು, ಈಚೆ ನಾವು. ಶಾಲೆಗೆ ಹೋಗುವಾಗ ಬೇಲಿಯುದ್ದಕ್ಕೂ ಒಂದು ಮರಿ ನಮ್ಮ ಜೊತೆಗೇ ಓಡುತ್ತಿತ್ತು. ಅದು ಮುಂದೆ ಯಾವ ರೇಸು ಗೆದ್ದಿತು, ರೇಸು ಮುಗಿದ ಮೇಲೆ ಎಲ್ಲಿಗೆ ಹೋಯಿತು ಎಂದು ಕೇಳುವ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಕಂಬಳಿಕೊಪ್ಪೆಯವರೇ, ನೀವು ಮಾತ್ರ ತಪ್ಪಿಸಿಕೊಳ್ಳುತ್ತಿದ್ದೀರಿ. ಕೆಂದಿ ಏನಾದಳು?

ಬೋ ನದಿ (ಕ್ಯಾಲ್ಗರಿ)

ಇಲ್ಲಿಯವನೇ ನಾನೂ. ಒಂದು ಮಾತು ಸೇರಿಸಲೇಬೇಕು. 1912ರಲ್ಲಿ ಗೈ ವೀಡಿಕ್ ಮೊದಲ ಸ್ಟ್ಯಾಂಪೀಡ್ ನಡೆಸಿದಾಗ ಇಲ್ಲಿಯ ಮೂಲನಿವಾಸಿಗಳು ಸರ್ಕಾರದ ಅಪ್ಪಣೆ ಇಲ್ಲದೆ ತಮಗೆ ಗೊತ್ತುಮಾಡಿದ ನೆಲದಿಂದ ಹೊರಗೆ ಬರುವಂತಿರಲಿಲ್ಲ. ಅವನು ಓಡಾಡಿ ಒಪ್ಪಿಗೆ ತಂದ. ಆ ವರ್ಷ ಜೀನು ಹಾಕಿದ ನೆಗೆಗುದುರೆಯ ಪಂದ್ಯದಲ್ಲಿ ಸೈಕ್ಲೋನ್ ಎಂಬ ಕರಿ ಕುದುರೆ ಇತ್ತು, ನೂರಕ್ಕೂ ಹೆಚ್ಚು ಸವಾರರನ್ನು ಕೆಡವಿದ ಖ್ಯಾತಿಯದ್ದು. ಆಗ ಎಂಟು ಸೆಕೆಂಡಿನ ಲೆಕ್ಕವಿಲ್ಲ, ಕುದುರೆ ಸೋತು ನಿಲ್ಲುವವರೆಗೂ ಕೂರಬೇಕು. ಅದನ್ನು ನಿಲ್ಲಿಸಿ ಗೆದ್ದವನು ಕೈನಾಯ್ ಬುಡಕಟ್ಟಿನ ಟಾಮ್ ಥ್ರೀ ಪರ್ಸನ್ಸ್. ಈಗಲೂ ಉತ್ಸವದ ಹತ್ತು ದಿನ ಎಲ್ಬೋ ನದಿಯ ದಡದಲ್ಲಿ ಅವರ ಡೇರೆಗಳು ಏಳುತ್ತವೆ. ಕಂಬಳಿಕೊಪ್ಪೆಯವರೇ, ಅಲ್ಲಿಗೆ ಹೋಗಿದ್ದಿರಾ? ಡೇರೆಯ ಕೋಲುಗಳನ್ನು ಹಿಂದೆ ಕುದುರೆಗೆ ಕಟ್ಟಿ ಎಳೆಸುತ್ತಿದ್ದ ರೀತಿ ನಿಮಗೆ ಬೇಗ ಅರ್ಥವಾಗುತ್ತದೆ.

ಕಂಬಳಿಕೊಪ್ಪೆ (ಕ್ಯಾಲ್ಗರಿ)

ಹೋಗಿದ್ದೆವು. ಮಗಳು ಅಲ್ಲಿಂದ ಏಳಲೇ ಒಪ್ಪಲಿಲ್ಲ. ಎರಡು ಉದ್ದನೆಯ ಕೋಲು, ನಡುವೆ ಅಡ್ಡಕಟ್ಟು, ಅದರ ಮೇಲೆ ಹೇರು. ಹೇರಿನ ಮೇಲೆ ಮಕ್ಕಳನ್ನೂ ಕೂರಿಸುತ್ತಿದ್ದರಂತೆ. 'ಅಪ್ಪಾ, ನಿನ್ನ ಹಾಗೆ' ಎಂದಳು.

ಕೆಂದಿಯ ವಿಷಯ. ಬರೆಯದೆ ತಪ್ಪಿಸಿಕೊಳ್ಳುತ್ತಿದ್ದುದಕ್ಕೆ ಕಾರಣವಿದೆ. 1987ರಲ್ಲಿ ನನ್ನನ್ನು ಹಾಸ್ಟೆಲಿಗೆ ಸೇರಿಸಿದರು. ಬೇಸಿಗೆ ರಜೆಗೆ ಬಿಡಾರ ಹುಡುಕಿಕೊಂಡು ಹೋದರೆ ಬೇರೊಂದು ಕುದುರೆ ಕಟ್ಟಿತ್ತು, ಬೂದು ಬಣ್ಣದ್ದು, ನನ್ನನ್ನು ಕಂಡು ಕಚ್ಚಲು ಬಂತು. ಕೆಂದಿ ಎಲ್ಲಿ ಎಂದರೆ ಅಪ್ಪ 'ಕೊಟ್ಟೆವು' ಎಂದ, ಅಷ್ಟೇ. ನನ್ನ ಹಾಸ್ಟೆಲಿನ ಫೀಸಿಗೆ ಮಾರಿದ್ದಾರೆ ಎಂದು ನಾನೇ ಲೆಕ್ಕ ಹಾಕಿಕೊಂಡೆ. ಅಪ್ಪ ಹೋಗುವವರೆಗೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗಲೆಲ್ಲ ಒಂದು ಕುದುರೆ ತಿಂದು ಓದುತ್ತಿದ್ದೇನೆ ಎನ್ನಿಸುತ್ತಿತ್ತು.

ಕುಣಿಗಲ್‌ನವರು ಹಾಗೆ ಕೇಳಿದ ಮೇಲೆ ನಿನ್ನೆ ರಾತ್ರಿ ಊರಿಗೆ ಫೋನ್ ಹಚ್ಚಿದೆ. ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ, ನೆನಪು ಮಾತ್ರ ಚೂಪು. ನಾನು ಹೇಳಿದ್ದನ್ನೆಲ್ಲ ಕೇಳಿ ನಗಲು ಶುರು ಮಾಡಿದ.

'ಹುಚ್ಚಪ್ಪಾ, ಕುದುರೆ ಮಾರಿದರೆ ಬಿಡಾರ ಹೊರುವುದು ಯಾರು, ನಿಮ್ಮಪ್ಪನೇ? ನಿನ್ನ ಹಾಸ್ಟೆಲಿಗೆ ಮಾರಿದ್ದು ಎರಡು ಟಗರು. ಕೆಂದಿಯ ಹಲ್ಲು ಸವೆದಿತ್ತು, ಹೇರು ಹೊತ್ತು ನಡೆಯಲು ಆಗುತ್ತಿರಲಿಲ್ಲ. ಊರಿನಲ್ಲೇ ನಿಮ್ಮ ಅತ್ತೆಯ ಮನೆಗೆ ಕೊಟ್ಟೆವು. ಬಾವಿಯ ಹತ್ತಿರ ಮೂರು ವರ್ಷ ಕೂತು ತಿಂದು ಅಲ್ಲೇ ಸತ್ತಳು. ಅಲ್ಲೇ ಹೂಳಿದೆವು. ಆ ಹೊಲದ ಜೋಳ ನೀನೂ ತಿಂದಿದ್ದೀಯ.'

ಎಷ್ಟೋ ಹೊತ್ತು ಫೋನ್ ಹಿಡಿದು ಸುಮ್ಮನೆ ಕೂತಿದ್ದೆ. ಆಮೇಲೆ ಮಾತು ಬದಲಿಸಲು, ಇಲ್ಲಿ ಎಂಟು ಸೆಕೆಂಡಿನ ಸವಾರಿ ನೋಡಿದೆ ದೊಡ್ಡಪ್ಪಾ, ನಾನು ಚಿಕ್ಕವನಿದ್ದಾಗ ದಿನವಿಡೀ ಸವಾರಿ ಮಾಡುತ್ತಿದ್ದೆ ಎಂದು ಇವರಿಗೆಲ್ಲ ಹೇಳುತ್ತೇನೆ ಎಂದೆ. ಅದಕ್ಕೆ ಅವನು:

'ಸವಾರಿ ಎಲ್ಲಿ ಮಾಡಿದ್ದೀಯೋ ತಮ್ಮಾ. ನಿನ್ನನ್ನು ನಾವು ಹೇರಿದ್ದೆವು.'

ಮೂಕಿಭಾರ (ಮೈಸೂರು)

ದೊಡ್ಡಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಹೆಸರನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಲಿ.

ಹ್ಯೂಸ್ಟನ್ ಅಕ್ಕ

ಮೂರು ಸಲ ಓದಿದೆ. ನಿಮ್ಮ ಕಡೆಯವರು ಈಗಲೂ ಕುರಿ ಕಟ್ಟಿಕೊಂಡು ಹೋಗುತ್ತಾರೆಯೇ?

ಕಂಬಳಿಕೊಪ್ಪೆ (ಕ್ಯಾಲ್ಗರಿ)

ದೊಡ್ಡಪ್ಪನ ಮೊಮ್ಮಗ ಹೋಗುತ್ತಾನೆ ಅಕ್ಕಾ. ಇಂದು ಬೆಳಿಗ್ಗೆ ಅವನು ಮೊಬೈಲಿನಲ್ಲಿ ಒಂದು ಚಿತ್ರ ಕಳುಹಿಸಿದ್ದಾನೆ. ಗದ್ದೆಯ ಬದುವಿನ ಮೇಲೆ ಒಂದು ಗಿಡ್ಡ ಕುದುರೆ, ಬೆನ್ನ ಮೇಲೆ ಕಂಬಳಿಗಳು, ಅದರ ಮೇಲೆ ಒಂದು ಸೋಲಾರ್ ಹಲಗೆ, ಪಕ್ಕಕ್ಕೆ ಕಟ್ಟಿದ ಕೆಂಪು ಪ್ಲಾಸ್ಟಿಕ್ ಕುರ್ಚಿ. ಹಸುಬೆಯಿಂದ ಎರಡು ಮರಿಗಳ ಮೂತಿ ಹೊರಗಿದೆ. ಮಕ್ಕಳು ಕಾಣಲಿಲ್ಲ, ಶಾಲೆಗೆ ಹೋಗುತ್ತಾರಂತೆ.

ಹಾವೇರಿ ಹೋರಿ

ಅಣ್ಣ, ಕುರ್ಚಿ ಒಂದು ಕಡೆಗಿದ್ದರೆ ಇನ್ನೊಂದು ಕಡೆಗೆ ಏನು ಕಟ್ಟಿದ್ದಾರೆ?

ಕಂಬಳಿಕೊಪ್ಪೆ (ಕ್ಯಾಲ್ಗರಿ)

ನಾನೂ ಮೊದಲು ಕೇಳಿದ್ದು ಅದನ್ನೇ. ಗ್ಯಾಸ್ ಒಲೆ, ಜೊತೆಗೆ ಒಂದು ಕಲ್ಲು.